ಹ್ಯಾಪ್ಲೋಗ್ರೂಪ್ ಎಂದರೆ ಕುಲಮೂಲವಲ್ಲ

ತುಮಕೂರಿನ ಸಮುದಾಯ ಸಮಾವೇಶಗಳ ಕರಪತ್ರಗಳಿಗೆ ಈಚೆಗೆ ‘ಹ್ಯಾಪ್ಲೋಗ್ರೂಪ್’ ಎಂಬ ಪದ ಹತ್ತಿಕೊಂಡಿದೆ. ಮೊನ್ನೆ ಕೈಗೆ ಬಂದದ್ದರಲ್ಲಂತೂ ತಮ್ಮ ಜನಾಂಗದ ಹ್ಯಾಪ್ಲೋಗ್ರೂಪ್ ಆರ್1ಎ, ಆದ್ದರಿಂದ ತಾವು ಮಧ್ಯ ಏಷ್ಯಾದವರು ಎಂದು ದಪ್ಪಕ್ಷರದಲ್ಲಿ ಸಾರಿದ್ದರು. ವಿಚಾರಿಸಿದರೆ, ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡವರು ಒಬ್ಬರೇ ಪದಾಧಿಕಾರಿ.

ಜನಾಂಗಕ್ಕೆ ಹ್ಯಾಪ್ಲೋಗ್ರೂಪ್ ಇರುವುದಿಲ್ಲ. ಅದು ಇರುವುದು ಗಂಡಸರಲ್ಲಿರುವ ವೈ ಕ್ರೋಮೋಸೋಮಿಗೆ, ಇಲ್ಲವೇ ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಕಣದ ಡಿಎನ್‌ಎಗೆ. ಮೊದಲನೆಯದು ತಂದೆಯಿಂದ ಮಗನಿಗೆ, ಎರಡನೆಯದು ತಾಯಿಯಿಂದ ಮಕ್ಕಳಿಗೆ ಹೆಚ್ಚುಕಡಿಮೆ ಇದ್ದ ಹಾಗೆಯೇ ಇಳಿದುಬರುತ್ತದೆ. ಎಂದೋ ಆದ ಸಣ್ಣ ಬದಲಾವಣೆಯೊಂದು ಮುಂದಿನ ಪೀಳಿಗೆಗಳಿಗೂ ದಾಟುತ್ತದೆ. ಆ ಗುರುತು ಹೊತ್ತ ವಂಶದ ಎಳೆಗಳಿಗೆಲ್ಲ ಆರ್1ಎ ಥರದ ಒಂದು ಹೆಸರಿಡುತ್ತಾರೆ; ಹ್ಯಾಪ್ಲೋಗ್ರೂಪ್ ಎಂದರೆ ಅಷ್ಟೆ. ನಮ್ಮ ಕಡೆಯ ಬೆಡಗಿನಂತೆ, ಅಂದರೆ ಗೋತ್ರದಂತೆ ಎನ್ನಿ: ಅಪ್ಪನ ಬೆಡಗು ಮಗನದಾಗುತ್ತದೆ, ಅಜ್ಜಿಯ ತವರಿನ ಬೆಡಗು ಯಾವುದೆಂದು ಕೇಳಿದರೆ ಮನೆಮಂದಿ ಮುಖ ಮುಖ ನೋಡಿಕೊಳ್ಳುತ್ತಾರೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಆ ಒಂದು ತಲೆಮಾರಿನಲ್ಲೇ ಪೂರ್ವಜರ ಸ್ಥಾನಗಳು 1,024. ವೈ ಕ್ರೋಮೋಸೋಮು ಅವುಗಳಲ್ಲಿ ಒಂದನ್ನು ಮಾತ್ರ ತೋರಿಸುತ್ತದೆ. ಉಳಿದ 1,023ನ್ನು ಕರಪತ್ರದವರು ಯಾರಿಗೆ ಬಿಟ್ಟುಕೊಟ್ಟರೋ!

ಇನ್ನು ಆರ್1ಎ ಪೋಲೆಂಡಿನಲ್ಲಿ ಧಾರಾಳವಾಗಿದೆ, ಆಂಧ್ರ-ತೆಲಂಗಾಣದ ನಲ್ಲಮಲ ಕಾಡಿನ ಚೆಂಚು ಬುಡಕಟ್ಟಿನವರಲ್ಲೂ ಇದೆ. ಬರೀ ಅದನ್ನು ಹಿಡಿದು ಯಾರ ಊರನ್ನೂ ಗೊತ್ತುಮಾಡಲಾಗದು. ಸಣ್ಣ ಸಮುದಾಯದಲ್ಲಂತೂ ಯಾರೋ ಒಬ್ಬ ಹಿರಿಯನಿಗೆ ಗಂಡುಮಕ್ಕಳು ಹೆಚ್ಚಿದ್ದರೂ ಸಾಕು, ಕೆಲವು ಶತಮಾನಗಳಲ್ಲಿ ಅವನ ಎಳೆಯೇ ಊರೆಲ್ಲ ತುಂಬಬಹುದು.

ಮೂಲ ಹುಡುಕುವ ಕ್ರಮ ಬೇರೆಯೇ ಇದೆ. ಸಿದ್ದಿಗಳನ್ನು ಕುರಿತು 2011ರಲ್ಲಿ ಬಂದ ಅಧ್ಯಯನವನ್ನೇ ನೋಡಿ. ತಂದೆ, ತಾಯಿಯ ಎಳೆಗಳು ಬಂಟು ಭಾಷಿಕ ಆಫ್ರಿಕನ್ನರತ್ತ ಬೆರಳು ಮಾಡಿದವು. ಸಂಶೋಧಕರು ಅಲ್ಲಿಗೇ ನಿಲ್ಲಲಿಲ್ಲ. ಇಡೀ ಜೀನೋಮಿನ, ಅಂದರೆ ಒಟ್ಟು ಡಿಎನ್‌ಎಯ, ಲಕ್ಷಗಟ್ಟಲೆ ಗುರುತುಗಳನ್ನು ಪರಿಶೀಲಿಸಿದರು. ಆಗ ಆಫ್ರಿಕದ ಪಾಲಿನ ಜೊತೆಗೆ ಭಾರತದ ಪಾಲು, ಬಹುಶಃ ಪೋರ್ಚುಗೀಸರ ಪಾಲೂ ಕಂಡಿತು. ಬೆರಕೆಯ ಕಾಲವೂ ಸಿಕ್ಕಿತು: ಸುಮಾರು 8 ತಲೆಮಾರು, ಅಂದರೆ 200 ವರ್ಷದ ಈಚೆ. ಎರಡು ಜನ ಬೆರೆತ ಹೊಸದರಲ್ಲಿ ಒಂದೊಂದು ಮೂಲದಿಂದ ಬಂದ ಡಿಎನ್‌ಎ ತುಣುಕುಗಳು ಉದ್ದವಾಗಿರುತ್ತವೆ. ಪ್ರತಿ ತಲೆಮಾರಿನಲ್ಲೂ ತುಂಡಾಗುತ್ತ ಗಿಡ್ಡವಾಗುತ್ತವೆ. ಎಷ್ಟು ಗಿಡ್ಡವಾಗಿವೆ ಎಂಬುದರಿಂದಲೇ ಕಾಲದ ಲೆಕ್ಕ ಹಾಕುತ್ತಾರೆ. ವೈ ಕ್ರೋಮೋಸೋಮಿನ ಬಹುಭಾಗ ಹೀಗೆ ತುಂಡಾಗಿ ಬೆರೆಯುವುದೇ ಇಲ್ಲವಾದ್ದರಿಂದ ಅದರಲ್ಲಿ ಈ ಲೆಕ್ಕ ಸಿಗುವುದಿಲ್ಲ.