ಹಗ್ಗ ಕಟ್ಟಿ ಎಳೆದಾಗ ಚಾರ್ಜ್ ಆದ ಸಬ್‌ಮರೀನ್

1944ರ ಜೂನ್ 4. ಆಫ್ರಿಕಾದ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ ಒಂದು ಜರ್ಮನ್ ಸಬ್‌ಮರೀನ್ ನೀರಿನ ಮೇಲೆ ಗಿರಕಿ ಹೊಡೆಯುತ್ತಿತ್ತು. ಅಮೆರಿಕದ ಹಡಗುಗಳು ಹಾಕಿದ ಬಾಂಬಿಗೆ ಚುಕ್ಕಾಣಿ ಬಲಕ್ಕೆ ಸಿಕ್ಕಿಕೊಂಡಿತ್ತು. ಪ್ರೊಪೆಲ್ಲರ್ ಮಾತ್ರ ತಿರುಗುತ್ತಲೇ ಇತ್ತು. ಸಿಬ್ಬಂದಿ ಸಮುದ್ರಕ್ಕೆ ಹಾರಿಬಿಟ್ಟಿದ್ದರು. ಸಬ್‌ಮರೀನ್ ಮುಳುಗಿಹೋಗಲಿ ಅಂತ, ಹೋಗುವ ಮುಂಚೆ ನೀರಿನ ಪೈಪಿನ ಒಂದು ಮುಚ್ಚಳ ತೆಗೆದಿಟ್ಟಿದ್ದರು. ಹಿಂಭಾಗ ಆಗಲೇ ತಗ್ಗಿತ್ತು.

ಅದರ ಹೆಸರು ಯು-505. ಅಮೆರಿಕ ನೌಕಾಪಡೆಯ ಲೆಫ್ಟಿನೆಂಟ್ ಆಲ್ಬರ್ಟ್ ಡೇವಿಡ್ ತಂಡ ದೋಣಿಯಲ್ಲಿ ಅಟ್ಟಿಸಿಕೊಂಡು ಹೋಗಿ ಅದನ್ನು ಹತ್ತಿತು. ಒಳಗೆ ಬಾಂಬು ಇಟ್ಟಿರಬಹುದು, ಯಾವ ಕ್ಷಣದಲ್ಲಾದರೂ ಮುಳುಗಬಹುದು. ಆದರೂ ಇಳಿದರು. ಧಾರೆಯಾಗಿ ನುಗ್ಗುತ್ತಿದ್ದ ನೀರಿನ ಪಕ್ಕದಲ್ಲೇ ಆ ಮುಚ್ಚಳ ಸಿಕ್ಕಿತು. ಎತ್ತಿ ವಾಪಸ್ ಕೂರಿಸಿದರು.

ಸಬ್‌ಮರೀನ್ ಅಂದರೆ ಸದಾ ನೀರೊಳಗೇ ಓಡಾಡುವ ಹಡಗು ಅಂದುಕೊಳ್ಳುತ್ತೇವೆ, ಅಲ್ವಾ? ಆಗಿನವು ಹಾಗಿರಲಿಲ್ಲ. ಬೇಕಾದಾಗ ಮುಳುಗಬಲ್ಲ ಹಡಗುಗಳು, ಅಷ್ಟೇ. ಹ್ಯಾಂಬರ್ಗಿನಲ್ಲಿ ಕಟ್ಟಿದ ಯು-505 ನೌಕಾಪಡೆಗೆ ಸೇರಿದ್ದು 1941ರ ಆಗಸ್ಟ್‌ನಲ್ಲಿ. ಉದ್ದ ಸುಮಾರು 77 ಮೀಟರ್. ಜನ ಇರುವ ಉಕ್ಕಿನ ಕೊಳವೆಯ ಅಗಲ ಬರೀ 4.4 ಮೀಟರ್. ಡೀಸೆಲ್ ಎಂಜಿನ್ನಿನಲ್ಲಿ, ನಿಧಾನವಾಗಿ ಹೋದರೆ, 24,000 ಕಿ.ಮೀ.ಗೂ ಜಾಸ್ತಿ ಓಡಬಲ್ಲದು. ಆದರೆ ಡೀಸೆಲ್ ಉರಿಯಲು ಗಾಳಿ ಬೇಕು. ನೀರೊಳಗೆ ಗಾಳಿ ಎಲ್ಲಿಂದ ತರೋದು? ಅಲ್ಲಿ ಬ್ಯಾಟರಿಯೇ ಗತಿ. ಅದರಲ್ಲಿ ಗಂಟೆಗೆ ಏಳೆಂಟು ಕಿ.ಮೀ. ವೇಗದಲ್ಲಿ ಹೋದರೂ ಸುಮಾರು 115 ಕಿ.ಮೀ.ಗೆ ಮುಗಿಯಿತು. ಮತ್ತೆ ಮೇಲೆ ಬಂದು ಚಾರ್ಜ್ ಮಾಡಿಕೊಳ್ಳಲೇಬೇಕು.

1942ರಲ್ಲಿ ಅದು 8 ಹಡಗುಗಳನ್ನು ಮುಳುಗಿಸಿತು. ಆ ವರ್ಷ ನವೆಂಬರಿನಲ್ಲಿ ಟ್ರಿನಿಡಾಡ್ ಬಳಿ ವಿಮಾನವೊಂದು ಹಾಕಿದ ಬಾಂಬು ನೇರ ಡೆಕ್ಕಿನ ಮೇಲೇ ಬಿತ್ತು. ಆ ಸ್ಫೋಟಕ್ಕೆ ವಿಮಾನವೇ ಉರುಳಿತು. ಸಬ್‌ಮರೀನ್ ಹೇಗೋ ಕುಂಟುತ್ತಾ ಫ್ರಾನ್ಸಿನ ಲೋರಿಯಾಂಗೆ ಬಂತು. ರಿಪೇರಿಗೆ ತಿಂಗಳುಗಳೇ ಬೇಕಾದವು. ಹೊರಟಾಗಲೆಲ್ಲ ಏನೋ ಕೆಟ್ಟು ವಾಪಸ್. ಯಾರ್ಡಿನ ಫ್ರೆಂಚ್ ಕೆಲಸಗಾರರು ಗುಟ್ಟಾಗಿ ಕೆಡಿಸುತ್ತಿದ್ದರು. 1943ರ ಅಕ್ಟೋಬರಿನಲ್ಲಿ, ಸುತ್ತ ಬಾಂಬು ಸಿಡಿಯುತ್ತಿದ್ದಾಗಲೇ, ಕಮಾಂಡರ್ ಪೀಟರ್ ಷೆಕ್ ಗುಂಡು ಹಾರಿಸಿಕೊಂಡು ಸತ್ತ. ಆ ಕೊಳವೆಯೊಳಗೆ, ಅದನ್ನು ಕಂಡೂ ತಮ್ಮ ಕೆಲಸ ಬಿಟ್ಟು ಕದಲುವಂತಿಲ್ಲದ ಹುಡುಗರನ್ನು ನೆನೆದರೆ ಸಂಕಟವಾಗುತ್ತದೆ.

ಸೆರೆ ಸಿಕ್ಕ ದಿನಕ್ಕೆ ಮರಳೋಣ. ಮುಚ್ಚಳ ಹಾಕಿದರೂ ಒಳಗೆ ಸೇರಿದ ನೀರು ಹಾಗೇ ಇತ್ತು. ಪಂಪು ಓಡಲು ಕರೆಂಟು ಬೇಕು. ಇಲ್ಲಿ ನನಗೆ ತುಂಬಾ ಇಷ್ಟವಾಗುವವನು ಎಂಜಿನಿಯರ್ ಅರ್ಲ್ ಟ್ರೊಸಿನೊ. ಹಳೇ ಸೈಕಲ್ಲಿನ ಡೈನಮೊ ನೆನಪಿದೆಯಲ್ಲ? ಚಕ್ರ ತಿರುಗಿದರೆ ದೀಪ ಹತ್ತುತ್ತಿತ್ತು. ಮೋಟಾರೂ ಅಷ್ಟೇ. ಕರೆಂಟು ಕೊಟ್ಟರೆ ತಿರುಗುತ್ತದೆ, ನಾವೇ ತಿರುಗಿಸಿದರೆ ಕರೆಂಟು ಕೊಡುತ್ತದೆ. ಟ್ರೊಸಿನೊ ಡೀಸೆಲ್ ಎಂಜಿನ್ನುಗಳನ್ನು ಮೋಟಾರುಗಳಿಂದ ಬಿಡಿಸಿದ. ಅಮೆರಿಕದ ಗ್ವಾಡಲ್‌ಕನಾಲ್ ಹಡಗು ಹಗ್ಗ ಕಟ್ಟಿ ಎಳೆಯುತ್ತಾ ಹೋದಂತೆ ನೀರಿನ ರಭಸಕ್ಕೆ ಪ್ರೊಪೆಲ್ಲರ್ ತಿರುಗಿತು, ಅದರ ಜೊತೆ ಮೋಟಾರೂ ತಿರುಗಿತು, ಬ್ಯಾಟರಿ ಚಾರ್ಜ್ ಆಯಿತು. ಪಂಪುಗಳು ನೀರು ಹೊರಹಾಕಿದವು. ತಗ್ಗಿದ್ದ ಹಿಂಭಾಗ ಪೂರ್ತಿ ಮೇಲೆದ್ದಿತು.

ಈಗ ಅದು ಷಿಕಾಗೊದ ಮ್ಯೂಸಿಯಮ್ಮಿನಲ್ಲಿದೆ. ಆದರೆ ಆಗ ವಿಷಯ ಹೊರಗೆ ಬರುವಂತಿರಲಿಲ್ಲ. ಒಳಗೆ ಸಂದೇಶಗಳನ್ನು ಗುಟ್ಟಿನ ಸಂಕೇತಕ್ಕೆ ಬದಲಿಸುವ ಎನಿಗ್ಮಾ ಯಂತ್ರ, ಸಂಕೇತದ ಪುಸ್ತಕ ಸಿಕ್ಕಿದ್ದವು. ಜರ್ಮನರಿಗೆ ಗೊತ್ತಾದರೆ ಸಂಕೇತವನ್ನೇ ಬದಲಿಸುತ್ತಿದ್ದರು. ಹಾಗಾಗಿ ಬದುಕುಳಿದ 58 ಮಂದಿಯನ್ನು ಲೂಸಿಯಾನಾದ ಕ್ಯಾಂಪಿನಲ್ಲಿ ಬೇರೆಯವರಿಂದ ದೂರ ಇಟ್ಟರು. ಜರ್ಮನಿಯಲ್ಲಿ ಅವರ ಮನೆಯವರು ಮಗ, ಗಂಡ ಸಮುದ್ರದ ಪಾಲಾದರೆಂದೇ ನಂಬಿದ್ದರು.