ಲೇಹದ ಡಬ್ಬಿ ಮತ್ತು ಹತ್ತು ಪ್ರಶ್ನೆಗಳು: ಹೆರಿಗೆಯ ನಂತರದ ಖಿನ್ನತೆಗೆ ಗಿಡಮೂಲಿಕೆ

ಪ್ರಸೂತಿ ವಾರ್ಡಿನ ಪಾಳಿಗೆ ಹೋಗಲಿರುವ ನರ್ಸಿಂಗ್ ಸಹಪಾಠಿಗಳಿಗಾಗಿ ಬರೆದ ಟಿಪ್ಪಣಿ ಇದು. ವಾರ್ಡಿನಲ್ಲಿ ಬಾಣಂತಿಯ ಜೊತೆಗೆ ಬಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇದಕ್ಕೆ ನಾಟಿ ಔಷಧಿ ಏನಾದರೂ ಇದೆಯೇ ಸಿಸ್ಟರ್? ಇಂಗ್ಲಿಷ್ ಮಾತ್ರೆ ಹಾಲಿಗೆ ಇಳಿಯುತ್ತದಂತೆ."

ಇಳಿಯುತ್ತದೆ, ನಿಜ. ಆದರೆ ಕಷಾಯವೂ ಇಳಿಯಬಲ್ಲದು. ಸರ್ಟ್ರಾಲಿನ್‌ನಂಥ ಖಿನ್ನತೆಯ ಮಾತ್ರೆ ಎಷ್ಟು ಇಳಿಯುತ್ತದೆ ಎಂಬುದನ್ನು ಅಳೆದಿದ್ದಾರೆ. ತೂಕಕ್ಕೆ ಹೋಲಿಸಿ ಲೆಕ್ಕ ಹಾಕಿದರೆ ತಾಯಿ ತೆಗೆದುಕೊಂಡದ್ದರಲ್ಲಿ ಮಗುವಿಗೆ ಸೇರುವ ಪಾಲು, ಸಾಮಾನ್ಯವಾಗಿ ಒಪ್ಪುವ ಶೇಕಡಾ 10ರ ಮಿತಿಗಿಂತ ಬಹಳ ಕೆಳಗಿದೆ. ಕಷಾಯಗಳ ವಿಷಯದಲ್ಲಿ ಬಹುಪಾಲು ಅಂಥ ಅಳತೆಯೇ ಆಗಿಲ್ಲ. ಅಳೆಯದೆ ಇರುವುದನ್ನು ನಾವು ನಿರಪಾಯ ಎಂದು ಓದಿಕೊಳ್ಳುತ್ತೇವೆ.

ಮೊದಲು ಹೆಸರು ಸರಿಮಾಡಿಕೊಳ್ಳೋಣ

ಹೆರಿಗೆಯಾದ ಮೂರು-ನಾಲ್ಕನೆಯ ದಿನ ಸುಮ್ಮಸುಮ್ಮನೆ ಅಳು ಬರುವುದು, ಸಣ್ಣ ಮಾತಿಗೂ ಮನಸ್ಸು ನೋಯುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಾಣುತ್ತದೆ. ಎರಡು ವಾರದೊಳಗೆ ಅದು ತಾನಾಗಿಯೇ ಹೋಗುತ್ತದೆ. ಎರಡು ವಾರ ದಾಟಿಯೂ ಉಳಿದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ರೆ ಬಾರದಿದ್ದರೆ, ಮಗುವನ್ನು ನೋಡಿದರೂ ಏನೂ ಅನಿಸುತ್ತಿಲ್ಲ ಎಂದರೆ ಖಿನ್ನತೆಯನ್ನು ಯೋಚಿಸಬೇಕು. ದೇಶದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಭಾರತದಲ್ಲಿ ಇದರ ಪ್ರಮಾಣ ಶೇಕಡಾ 22. ಮೂರನೆಯದು ಸಾವಿರಕ್ಕೆ ಒಂದೋ ಎರಡೋ: ಇಲ್ಲದ ದನಿ ಕೇಳಿಸುವುದು, ಮಗುವಿನ ಬಗ್ಗೆ ವಿಪರೀತ ಅನುಮಾನ, ಅಸಂಬದ್ಧ ಮಾತು. ನಮ್ಮ ಅಜ್ಜಿಯರು ಇದನ್ನು "ಬಾಣಂತಿ ಸನ್ನಿ" ಎನ್ನುತ್ತಿದ್ದರು. ಇಲ್ಲಿ ಮೂಲಿಕೆಯ ಮಾತೇ ಬೇಡ, ಅದೇ ದಿನ ಆಸ್ಪತ್ರೆ.

ಸನ್ನಿಗೆ ಮನೆಮಾತಿನಲ್ಲಿ ಹೆಸರಿದೆ, ಖಿನ್ನತೆಗೆ ಇಲ್ಲ ಎಂಬುದನ್ನು ಗಮನಿಸಿ. ಹೆಸರಿಲ್ಲದ್ದು "ಹಟ", "ಸೋಮಾರಿತನ", "ದೃಷ್ಟಿ ತಾಗಿದೆ" ಎಂದೆಲ್ಲ ಕರೆಸಿಕೊಳ್ಳುತ್ತದೆ.

ಮೊದಲನೆಯ ಬಗೆಯ ಅಳುವಿಗೆ ಐದನೆಯ ದಿನ ಲೇಹ ಶುರುಮಾಡಿದರೆ ಹನ್ನೆರಡನೆಯ ದಿನಕ್ಕೆ ಬಾಣಂತಿ ನಗುತ್ತಾಳೆ. ಲೇಹಕ್ಕೆ ಹೆಸರು ಬರುತ್ತದೆ. ಮುಂದಿನ ಹೆರಿಗೆಯಲ್ಲಿ ನಿಜವಾದ ಖಿನ್ನತೆ ಬಂದಾಗ ಅದೇ ಡಬ್ಬಿಯನ್ನು ನಂಬಿ ಎರಡು ತಿಂಗಳು ಕಾಯುತ್ತಾರೆ. ನನ್ನ ಪ್ರಕಾರ ಮೂಲಿಕೆಯಿಂದಾಗುವ ದೊಡ್ಡ ಹಾನಿ ಈ ಕಾಯುವಿಕೆಯೇ.

ಯಾವುದಕ್ಕೆ ಎಷ್ಟು ಆಧಾರ

ಕೇಸರಿಯ ಬಗ್ಗೆ ಕೊಂಚ ಒಳ್ಳೆಯ ಸುದ್ದಿಯಿದೆ. ಹಾಲುಣಿಸುವ ತಾಯಂದಿರ ಸೌಮ್ಯ ಸ್ವರೂಪದ ಖಿನ್ನತೆಗೆ ಇರಾನಿನಲ್ಲಿ ದಿನಕ್ಕೆ ಎರಡು ಬಾರಿ 15 ಮಿಲಿಗ್ರಾಂ ಕೊಟ್ಟು ಎಂಟು ವಾರ ನೋಡಿದ್ದಾರೆ. ಬರಿಯ ಹುಸಿಮಾತ್ರೆ ತೆಗೆದುಕೊಂಡವರಿಗಿಂತ ಇವರು ಹೆಚ್ಚು ಚೇತರಿಸಿಕೊಂಡರು. ಆದರೆ ಅದು ಅರವತ್ತು ತಾಯಂದಿರ ಸಣ್ಣ ಪ್ರಯೋಗ. ನಮ್ಮ ಅಡುಗೆಮನೆಯ ಲೆಕ್ಕಕ್ಕೆ ಇಳಿಸಿ ನೋಡಿ: ಒಂದು ಎಸಳಿನ ತೂಕ ಸುಮಾರು 2 ಮಿಲಿಗ್ರಾಂ, ಅಂದರೆ ದಿನಕ್ಕೆ ಹದಿನೈದು ಎಸಳು. ಹಾಲಿಗೆ ಎರಡೆಳೆ ಉದುರಿಸಿ ಔಷಧಿ ಕೊಟ್ಟೆವು ಎನ್ನುವುದು ಸಮಾಧಾನವಷ್ಟೇ. ಅದೂ ಅಸಲಿ ಕೇಸರಿಯಾದರೆ. ಕುಸುಬೆ ಹೂವಿನ ದಳಗಳನ್ನು ಕೇಸರಿ ಎಂದು ಮಾರುವುದು ಹಳೆಯ ದಂಧೆ. (ಗರ್ಭಿಣಿ ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆ ಎಂಬ ಮಾತನ್ನು ಮಾತ್ರ ದಯವಿಟ್ಟು ಯಾರಿಗೂ ಹೇಳಬೇಡಿ.)

ಸೇಂಟ್ ಜಾನ್ಸ್ ವರ್ಟ್ ನಮ್ಮ ನೆಲದ ಔಷಧಿಯಲ್ಲ, ಆದರೆ ವಿದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೋದ ತಾಯಂದಿರ ಕಣ್ಣಿಗೆ ಅಲ್ಲಿನ ಅಂಗಡಿಗಳಲ್ಲಿ ಬೀಳುತ್ತದೆ. ಸಾಮಾನ್ಯ ಖಿನ್ನತೆಗೆ ಇದರ ಮೇಲೆ ನಡೆದಷ್ಟು ಅಧ್ಯಯನ ಬೇರೆ ಮೂಲಿಕೆಯ ಮೇಲೆ ನಡೆದಿಲ್ಲ. ಹಾಲಿಗೆ ಇಳಿಯುವುದೂ ಅತ್ಯಲ್ಪ. ಆದರೂ 2003ರ ಟೊರಾಂಟೊ ಅಧ್ಯಯನದಲ್ಲಿ ಇದನ್ನು ತೆಗೆದುಕೊಂಡ 33 ತಾಯಂದಿರ ಪೈಕಿ ಐವರ ಮಕ್ಕಳಲ್ಲಿ ಹೊಟ್ಟೆನುಲಿತ, ಮಂಪರು, ಜಡತ್ವ ಕಂಡಿತ್ತು. ದೊಡ್ಡ ತೊಡಕು ಬೇರೆಯೇ ಇದೆ. ಯಕೃತ್ತಿನ ಕಿಣ್ವಗಳನ್ನು ಇದು ಚುರುಕಾಗಿಸುವುದರಿಂದ ಗರ್ಭನಿರೋಧಕ ಮಾತ್ರೆಯ ಔಷಧಾಂಶ ದೇಹದಲ್ಲಿ ಬೇಗ ಒಡೆದುಹೋಗಿ ಮಾತ್ರೆ ಕೈಕೊಡಬಹುದು. ಸರ್ಟ್ರಾಲಿನ್ ಜೊತೆ ಸೇರಿದರೆ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ಅತಿಯಾಗಿ ನಡುಕ, ಜ್ವರ, ಗಾಬರಿ. ಎರಡನ್ನೂ ಒಟ್ಟಿಗೆ ಎಂದೂ ಕೊಡಬಾರದು.

ಅಶ್ವಗಂಧದ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಹಾಲುಣಿಸುವವರಲ್ಲಿ ಇದರ ಸುರಕ್ಷತೆಗೆ ನೆಚ್ಚಬಹುದಾದ ಮಾಹಿತಿಯಿಲ್ಲ. ಯಕೃತ್ತಿಗೆ ಹಾನಿಯಾದ ಪ್ರಕರಣಗಳಿವೆ. ಅದಕ್ಕಿಂತ ಮುಖ್ಯವಾಗಿ, ಇದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಹೆರಿಗೆಯ ನಂತರ ಥೈರಾಯ್ಡ್ ಉರಿಯೂತ ಬರುವುದು ಅಪರೂಪವಲ್ಲ: ಮೊದಲ ತಿಂಗಳುಗಳಲ್ಲಿ ಹಾರ್ಮೋನು ಏರುತ್ತದೆ, ಆಮೇಲೆ ಕುಸಿಯುತ್ತದೆ. ಕುಸಿದಾಗಿನ ಸುಸ್ತು, ಮಂಕು ಖಿನ್ನತೆಯ ಹಾಗೆಯೇ ಕಾಣುತ್ತದೆ. ಹೀಗಾಗಿ ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ) ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮೊದಲು, ಬೇರೆ ಮಾತು ಆಮೇಲೆ. ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ; ಕಬ್ಬಿಣದ ಮಾತ್ರೆ ಬೇಕಾದವಳಿಗೆ ಅಶ್ವಗಂಧ ಕೊಟ್ಟು ಏನು ಪ್ರಯೋಜನ?

"ಬ್ರಾಹ್ಮಿ" ಎಂದಾಗ ಯಾವುದು ಎಂದು ಕೇಳಿ. ಒಂದೆಲಗವನ್ನೂ ಬ್ರಾಹ್ಮಿ ಎನ್ನುತ್ತಾರೆ, ನೀರುಬ್ರಾಹ್ಮಿಯನ್ನೂ ಹಾಗೇ ಕರೆಯುತ್ತಾರೆ. ಅವು ಬೇರೆ ಬೇರೆ ಗಿಡ. ಒಂದೆಲಗದ ತಂಬುಳಿ ಊಟ, ತಿನ್ನಲಿ ಬಿಡಿ. ಬ್ರಾಹ್ಮಿ ಕ್ಯಾಪ್ಸೂಲ್ ಔಷಧಿ, ವೈದ್ಯರನ್ನು ಕೇಳಬೇಕು. ಶತಾವರಿ, ಅಂದರೆ ನಮ್ಮ "ಹಲವು ಮಕ್ಕಳ ತಾಯಿ" ಬೇರು, ಮತ್ತು ಮೆಂತ್ಯ ಹಾಲು ಹೆಚ್ಚಿಸಲೆಂದು ಬಳಕೆಯಲ್ಲಿವೆ, ಮನಸ್ಸಿಗಲ್ಲ. ಹಾಲು ಸಾಲದೆಂಬ ಕೊರಗು ತಗ್ಗಿದರೆ ಮನಸ್ಸೂ ಹಗುರಾದೀತು, ಅಷ್ಟೇ.

ದಶಮೂಲಾರಿಷ್ಟದ ಬಾಟಲಿ ಸಿಕ್ಕರೆ ಲೇಬಲ್ ತಿರುಗಿಸಿ ಓದಿ. ಅರಿಷ್ಟವೆಂದರೆ ಹುದುಗಿಸಿದ ಔಷಧಿ. ಶೇಕಡಾ 5ರಿಂದ 10ರವರೆಗೆ ಆಲ್ಕೋಹಾಲ್ ಅದರೊಳಗೇ ಹುಟ್ಟಿರುತ್ತದೆ. ಹೇಳಿದ ಅಳತೆಯಲ್ಲಿ ಕುಡಿದರೆ ದೇಹ ಸೇರುವುದು ಸ್ವಲ್ಪವೇ, ಆದರೆ ನಿದ್ರೆ ಬರಲೆಂದು ಲೋಟಕ್ಕೆ ಸುರಿದುಕೊಂಡರೆ ಲೆಕ್ಕ ಬದಲಾಗುತ್ತದೆ. ಲೋಹಗಳಿಂದ ಮಾಡಿದ ಭಸ್ಮ, ಸಿಂಧೂರ ಸೇರಿದ ಔಷಧಿಗಳು ಸ್ವಂತ ನಿರ್ಧಾರಕ್ಕೆ ಬೇಡವೇ ಬೇಡ. ಅಂತರ್ಜಾಲದಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ 2008ರ ಅಧ್ಯಯನದಲ್ಲಿ ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಕೈಗಳ ವಿಷಯ

ಬಾಣಂತನದಲ್ಲಿ ಲೇಹದ ಜೊತೆ ಇನ್ನೂ ಒಂದು ಇತ್ತು: ಎಣ್ಣೆ ತಿಕ್ಕಿ ನೀರು ಹಾಕುವ ಕೈ, ರಾತ್ರಿ ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ಮಡಿಲು. ಡಬ್ಬಿ ಈಗ ಅಂಗಡಿಯಲ್ಲಿ ಸಿಗುತ್ತದೆ, ಕೈ ಸಿಗುವುದಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಊರಿನ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಖಿನ್ನತೆಯಿದ್ದ ತಾಯಂದಿರ ಮನೆಗೆ ಕಳಿಸಿ ಮಾತನಾಡಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ: ಆರು ತಿಂಗಳಿಗೆ ಖಿನ್ನತೆ ಉಳಿದಿದ್ದುದು ಶೇಕಡಾ 23ರಲ್ಲಿ, ಮಾಮೂಲಿ ಭೇಟಿ ಪಡೆದವರಲ್ಲಿ ಶೇಕಡಾ 53. ಯಾವ ಮೂಲಿಕೆಯ ಹೆಸರಿನಲ್ಲೂ ಇಂಥ ಅಂಕಿಗಳನ್ನು ನಾನು ಓದಿಲ್ಲ. ಹಾಗೆಂದು ಎಲ್ಲ ಬಾಣಂತನವೂ ಮದ್ದಲ್ಲ. ಬಾಗಿಲು ಮುಚ್ಚಿ ಕೆಂಡದ ಹೊಗೆ ಹಾಕುವುದು ಉಸಿರಿಗೆ ಅಪಾಯ. ಗೋವಾದ ಅಧ್ಯಯನವೊಂದು ತೋರಿಸಿದ ಹಾಗೆ, ಗಂಡನೊಡನೆ ಸಂಬಂಧ ಕೆಟ್ಟಿರುವ ಮನೆಯಲ್ಲಿ ಹೆಣ್ಣು ಮಗು ಹುಟ್ಟಿದರೆ ಖಿನ್ನತೆಯ ಅಪಾಯ ಇನ್ನಷ್ಟು ಏರುತ್ತದೆ. ಅದಕ್ಕೆ ಕಷಾಯವಿಲ್ಲ.

ಪ್ರಶ್ನೆ ಕೇಳುವ ಬಗೆ

ಹೆರಿಗೆಯ ನಂತರದ ಖಿನ್ನತೆ ಪತ್ತೆಹಚ್ಚಲು ಬಳಸುವ ಎಡಿನ್‌ಬರೋ ಮಾಪಕದಲ್ಲಿ ಹತ್ತು ಪ್ರಶ್ನೆ, ಕಳೆದ ಏಳು ದಿನಗಳ ಬಗ್ಗೆ, ಒಟ್ಟು ಅಂಕ 30. ಕನ್ನಡದಲ್ಲೂ ಇದೆ. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಕುರಿತದ್ದು. ಅಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ ಒಟ್ಟು ಅಂಕ ನೋಡುತ್ತ ಕೂರಬೇಡಿ, ಆಗಲೇ ವೈದ್ಯರಿಗೆ ತಿಳಿಸಿ, ತಾಯಿಯನ್ನು ಒಂಟಿಯಾಗಿ ಬಿಡಬೇಡಿ. ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಡಿ, ಕನ್ನಡದಲ್ಲೇ ಮಾತನಾಡಬಹುದು. ತಾಯಿ-ಮಗುವನ್ನು ಅಗಲಿಸದೆ ದಾಖಲಿಸಿಕೊಳ್ಳುವ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ.

ಇನ್ನೊಂದು. "ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಅಮ್ಮ?" ಎಂದು ನಾನು ಮೊದಲ ವಾರ ಕೇಳುತ್ತಿದ್ದೆ. ಎಲ್ಲರೂ "ಇಲ್ಲ" ಎನ್ನುತ್ತಿದ್ದರು. ಲೇಹ ಅವರ ಲೆಕ್ಕದಲ್ಲಿ ಔಷಧಿಯಲ್ಲ. ಆಮೇಲೆ "ಬೆಳಿಗ್ಗೆ ಖಾಲಿ ಹೊಟ್ಟೆಗೆ ಏನು ಕೊಡುತ್ತಾರೆ?" ಎಂದು ಕೇಳಿದೆ. ಬಾಣಂತಿಯ ತಾಯಿ ಮಂಚದ ಕೆಳಗಿನ ಚೀಲ ಎಳೆದರು: ಅಂಟಂಟಾದ ಲೇಹದ ಡಬ್ಬಿ, ಅರ್ಧ ಖಾಲಿಯಾದ ಅರಿಷ್ಟದ ಬಾಟಲಿ, ಪತ್ರಿಕೆಯ ಹಾಳೆಯಲ್ಲಿ ಕಟ್ಟಿದ ಹೆಸರಿಲ್ಲದ ಪುಡಿ. ಮೂರನ್ನೂ ಕೇಸ್ ಶೀಟಿನಲ್ಲಿ ಬರೆದೆ.