ಪಾಲಿಟೆಕ್ನಿಕ್ ಎಲೆಕ್ಟ್ರಾನಿಕ್ಸ್ ಮೇಷ್ಟ್ರ ಕಥೆ ಗೋಜಲಾಗಿದ್ದು ಎಲ್ಲಿ?

ಎಸ್ಸೆಸ್ಸೆಲ್ಸಿ ಮುಗಿಸಿದ ಮಗನನ್ನು ಡಿಪ್ಲೊಮಾಗೆ ಸೇರಿಸೋಣ ಅಂತ ಊರಿನ ಪಾಲಿಟೆಕ್ನಿಕ್‌ಗೆ ವಿಚಾರಿಸಲು ಹೋದ ಅಪ್ಪ-ಅಮ್ಮ ಮೂರು ಮಾತು ಕೇಳಿಕೊಂಡು ಬರುತ್ತಾರೆ. ಕಂಪ್ಯೂಟರ್ ಸೈನ್ಸ್‌ಗೆ ಪೈಪೋಟಿ ಜಾಸ್ತಿ. ಎಲೆಕ್ಟ್ರಾನಿಕ್ಸ್‌ನಲ್ಲಿ ಲೆಕ್ಚರರ್ ಸಾಲದು. ಇರುವವರಲ್ಲೂ ಎಷ್ಟೋ ಜನ ಅತಿಥಿ ಉಪನ್ಯಾಸಕರು. ಮೂರೂ ಬೇರೆ ಬೇರೆ ತಕರಾರು ಅನ್ನಿಸುತ್ತದೆ. ಎಳೆ ಹಿಡಿದು ಹಿಂದಕ್ಕೆ ಹೋದರೆ ಒಂದೇ ಗಂಟಿಗೆ ಬಂದು ನಿಲ್ಲುತ್ತೇವೆ. ಕಲಿಸಬೇಕಾದ ವಿಷಯ ಹತ್ತು ವರ್ಷಕ್ಕೊಮ್ಮೆ ಪೂರ್ತಿ ಮಗ್ಗುಲು ಬದಲಿಸಿತು. ಕಲಿಸುವವರು ಹೊಸದನ್ನು ಕಲಿಯಲಿಕ್ಕೆ ಟೈಮ್‌ಟೇಬಲ್‌ನಲ್ಲಿ ಜಾಗವೇ ಇರಲಿಲ್ಲ.

ಶುರುವಾಗಿದ್ದು ಚೆನ್ನಾಗಿಯೇ. ವಿಶ್ವೇಶ್ವರಯ್ಯನವರು ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ತಮಗೆ ಬರಬೇಕಿದ್ದ ಸಂಭಾವನೆಯನ್ನು ಬಿಟ್ಟುಕೊಟ್ಟು, ಕೈಕೆಲಸ ಕಲಿಸುವ ಸಂಸ್ಥೆ ಕಟ್ಟಿ ಅಂದರು. ಅದಕ್ಕೆ ತಮ್ಮ ಹೆಸರು ಬೇಡ, ಮಹಾರಾಜರ ಹೆಸರಿಡಿ ಅಂದರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಜಯಚಾಮರಾಜೇಂದ್ರ ಸಂಸ್ಥೆಯೇ ಈಗಿನ ಎಸ್.ಜೆ. ಪಾಲಿಟೆಕ್ನಿಕ್. ಆಮೇಲೆ 1948ರಲ್ಲಿ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್), 1954ರಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಬಂದವು. ಟೆಲಿಫೋನ್, ರೇಡಿಯೊ, ರಾಡಾರ್ ಮಾಡುವ ಕಾರ್ಖಾನೆಗಳಿಗೆ ಡಿಪ್ಲೊಮಾ ಹುಡುಗರು ಬೇಕಾಗಿದ್ದರು. ಹಳೇ ರೇಡಿಯೊದ ಗಾಜಿನ ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು, ಬಿಡಿ ಟ್ರಾನ್ಸಿಸ್ಟರ್ ಹೋಗಿ ಹಲವನ್ನು ಒಂದೇ ಚಿಪ್‌ನಲ್ಲಿ ಕೂಡಿಸಿದ ಐಸಿ ಬಂತು. ಪಾಲಿಟೆಕ್ನಿಕ್ ಮೇಷ್ಟ್ರಿಗೆ ತರಬೇತಿ ಕೊಡಲೆಂದೇ ಅರವತ್ತರ ದಶಕದಲ್ಲಿ ಮದ್ರಾಸ್‌ನಲ್ಲಿ ಒಂದು ಕೇಂದ್ರವೂ ಶುರುವಾಯಿತು. ಅಷ್ಟು ಹೊತ್ತಿಗೆ ಎಲ್ಲವೂ ಹೇಗೋ ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತಿತ್ತು.

ಎಂಬತ್ತರ ದಶಕದಲ್ಲಿ ವೇಗ ಬದಲಾಯಿತು. 1982ರ ಏಷ್ಯನ್ ಗೇಮ್ಸ್ ಜತೆ ಕಲರ್ ಟಿವಿ ಮನೆಗೆ ಬಂತು. 1984ರ ಹೊಸ ಕಂಪ್ಯೂಟರ್ ನೀತಿ ಆಮದನ್ನು ಸಡಿಲ ಮಾಡಿತು. ಮರುವರ್ಷವೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಪಾಲಿಟೆಕ್ನಿಕ್‌ಗಳಲ್ಲಿ ಕಂಪ್ಯೂಟರ್ ಸೈನ್ಸ್ ಬ್ರ್ಯಾಂಚ್ ತೆರೆದಾಗ ಅದನ್ನು ಕಲಿಸಲು ಯಾರಿದ್ದರು ಹೇಳಿ? ಎಲೆಕ್ಟ್ರಾನಿಕ್ಸ್ ಮೇಷ್ಟ್ರೇ. ಬೆಳಿಗ್ಗೆ ಆಂಪ್ಲಿಫೈಯರ್, ಮಧ್ಯಾಹ್ನ ಪಾಸ್ಕಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ.

ನಾನು ಕಲಿತಿದ್ದು ಆ ಕಾಲದ ಬಾಲದಲ್ಲಿ, ಒಂದು ಜಿಲ್ಲಾ ಕೇಂದ್ರದ ಪಾಲಿಟೆಕ್ನಿಕ್‌ನಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಂಪ್ಯೂಟರ್ ರೂಮಿಗೆ ಏಸಿ ಇತ್ತು, ದೇವರ ಮನೆ ಥರ ಚಪ್ಪಲಿ ಹೊರಗೆ ಬಿಡಬೇಕಿತ್ತು. ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಏಸಿಯೂ ಇಲ್ಲ, ಚಪ್ಪಲಿಯ ಚಿಂತೆಯೂ ಇಲ್ಲ. ಅಲ್ಲಿ ಸೀಸ ಕರಗಿದ ವಾಸನೆ. ವಿದ್ಯುತ್ ಅಲೆಯನ್ನು ಪರದೆ ಮೇಲೆ ತೋರಿಸುವ ನಾಲ್ಕು ಸಿಆರ್‌ಒಗಳಲ್ಲಿ ಎರಡು ಕೆಲಸ ಮಾಡುತ್ತಿದ್ದವು. ಆ ಎರಡೂ ಕೆಲಸ ಮಾಡುತ್ತಿದ್ದದ್ದು ನಮ್ಮ ಸರ್ ಭಾನುವಾರ ಬಂದು ಬಿಚ್ಚಿ ಕೂತಿದ್ದರಿಂದ.

ಮೈಕ್ರೊಪ್ರೊಸೆಸರ್ ಲ್ಯಾಬ್‌ನಲ್ಲಿ 8085 ಕಿಟ್. ಇಂಟೆಲ್ ಆ ಚಿಪ್ಪನ್ನು ತಂದಿದ್ದು 1976ರಲ್ಲಿ. ಕಿಟ್ ಅಂದರೆ ಒಂದು ಹಸಿರು ಬೋರ್ಡು, ಕ್ಯಾಲ್ಕ್ಯುಲೇಟರ್ ಥರ ಗುಂಡಿಗಳು, ಕೆಂಪಗೆ ಉರಿಯುವ ಆರು ಅಂಕಿಗಳ ಪಟ್ಟಿ. ಪ್ರೋಗ್ರಾಮ್ ಅನ್ನು ಕಾಗದದಲ್ಲಿ ಬರೆದು, ಒಂದೊಂದು ಆಜ್ಞೆಗೂ ಚಾರ್ಟ್ ನೋಡಿ ಕೋಡ್ ಹುಡುಕಬೇಕು. ಚಿಪ್ಪಿನೊಳಗಿನ ಬಿ ರಿಜಿಸ್ಟರ್ ಅನ್ನೋ ಖಾನೆಯಲ್ಲಿರುವುದನ್ನು ಕೂಡಿಸು ಅಂದರೆ 80, ನಿಲ್ಲಿಸು ಅಂದರೆ 76. ಒಂದೊಂದೇ ಒತ್ತುತ್ತಾ ಹೋಗಿ ಮೂವತ್ತನೇ ಸಾಲಿಗೆ ಬಂದಾಗ ಕರೆಂಟ್ ಹೋಗುತ್ತಿತ್ತು. ಕಿಟ್ ಅಷ್ಟನ್ನೂ ಮರೆತುಬಿಡುತ್ತಿತ್ತು. ಸರ್ ಮೊದಲಿಂದ ಒತ್ತಿಸುತ್ತಿದ್ದರು. ಯಂತ್ರದ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಬೆರಳಿಗೇ ಗೊತ್ತಾಗಿದ್ದು ಹಾಗೆ.

1990ರಲ್ಲಿ ಶುರುವಾದ ವಿಶ್ವಬ್ಯಾಂಕ್ ನೆರವಿನ ತಾಂತ್ರಿಕ ಶಿಕ್ಷಣ ಯೋಜನೆಯಲ್ಲಿ ಕರ್ನಾಟಕವೂ ಸೇರಿತ್ತು. ಪೆಟ್ಟಿಗೆ ಪೆಟ್ಟಿಗೆ ಉಪಕರಣ ಬಂತು. ಪೆಟ್ಟಿಗೆ ಬಿಚ್ಚುವವರ ಸಂಖ್ಯೆ ಅದೇ ಲೆಕ್ಕದಲ್ಲಿ ಏರಲಿಲ್ಲ ಅನ್ನೋದು ನನ್ನ ಅನಿಸಿಕೆ.

ಹೊತ್ತಿಗೆ ಸರಿಯಾಗಿ ಸಾಫ್ಟ್‌ವೇರ್ ಅಲೆ ಎದ್ದಿತು. ಪಾಲಿಟೆಕ್ನಿಕ್ ಲೆಕ್ಚರರ್ ಆಗಲು ಫಸ್ಟ್ ಕ್ಲಾಸ್ ಬಿಇ ಇರಬೇಕು. ಅದೇ ಬಿಇ ಹಿಡಿದು ಬೆಂಗಳೂರಿಗೆ ಹೋದವರಿಗೆ ಸಿಗುತ್ತಿದ್ದ ಸಂಬಳ ನೋಡಿದ ಮೇಲೆ ಚಾಕ್‌ಪೀಸ್ ಹಿಡಿಯುವವರು ಯಾರು? ಮೆಕ್ಯಾನಿಕಲ್, ಸಿವಿಲ್‌ನವರಿಗಿಂತ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್‌ನವರಿಗೆ ಈ ಸೆಳೆತ ಜೋರು. ಅದೇ ಕಾಲದಲ್ಲಿ ಮಕ್ಕಳ ಗುರಿಯೂ ಬದಲಾಯಿತು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದರೆ ನೇರ ಎರಡನೇ ವರ್ಷದ ಬಿಇ. ಕೆಲಸ ಕಲಿಯಲು ಬರುತ್ತಿದ್ದ ಕಡೆಗೆ ಈಗ ದಾಟಿ ಹೋಗಲು ಬರತೊಡಗಿದರು. ದಾಟುವವರಿಗೆ ಸೋಲ್ಡರಿಂಗ್‌ಗಿಂತ ಗಣಿತ ಮುಖ್ಯ. ಅವರದೂ ತಪ್ಪಲ್ಲ.

ಖಾಲಿ ಹುದ್ದೆಗಳನ್ನು ಅರೆಕಾಲಿಕ, ಗುತ್ತಿಗೆ, ಅತಿಥಿ ಅಂತ ಬೇರೆ ಬೇರೆ ಹೆಸರಲ್ಲಿ ತುಂಬಿದರು. ಇವತ್ತಲ್ಲ ನಾಳೆ ಖಾಯಂ ಆಗುತ್ತದೆ ಅನ್ನೋದು ಎಲ್ಲರ ನಂಬಿಕೆ. ಆ ನಂಬಿಕೆಗೆ ಪೆಟ್ಟು ಬಿದ್ದದ್ದು 2006ರ ಏಪ್ರಿಲ್ 10ರಂದು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಶುರುವಾದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಎಷ್ಟು ವರ್ಷ ದುಡಿದಿದ್ದೀರಿ ಅನ್ನೋದರ ಮೇಲೆ ಖಾಯಂ ಮಾಡಿ ಅಂತ ಹಕ್ಕು ಕೇಳಲಾಗದು ಅಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಮೀರಿದವರಿಗೆ ಒಂದು ಸಲದ ಅವಕಾಶ ಮಾತ್ರ. ಹಿಂಬಾಗಿಲ ನೇಮಕಾತಿ ನಿಲ್ಲಲಿ ಅನ್ನೋದು ತೀರ್ಪಿನ ಉದ್ದೇಶ. ಆಗಿದ್ದೇನೆಂದರೆ ಹಿಂಬಾಗಿಲು ಮುಚ್ಚಿತು, ಮುಂಬಾಗಿಲು ಅಪರೂಪಕ್ಕೆ ತೆರೆಯಿತು. ಜನ ವರಾಂಡದಲ್ಲೇ ಉಳಿದರು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ಕೋರ್ಟು, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧ ಮಾಡಿಕೊಳ್ಳಬೇಡಿ ಅಂತ ಹೇಳಬೇಕಾಯಿತು.

ಈ ನಡುವೆ ಪಾಲಿಟೆಕ್ನಿಕ್‌ಗಳು ತಾಲ್ಲೂಕುಗಳಿಗೂ ಹಬ್ಬಿ, ಸರ್ಕಾರಿ ಸಂಸ್ಥೆಗಳೇ ನೂರು ದಾಟಿದವು. 2018-19ರಲ್ಲಿ ತಾಂತ್ರಿಕ ಶಿಕ್ಷಣಕ್ಕೆ ದೇಶಮಟ್ಟದಲ್ಲಿ ನಿಯಮ ಮಾಡುವ ಎಐಸಿಟಿಇ, ಡಿಪ್ಲೊಮಾದಲ್ಲಿ ಇಪ್ಪತ್ತು ಮಕ್ಕಳಿಗೊಬ್ಬರು ಅಂತಿದ್ದ ಅನುಪಾತವನ್ನು ಇಪ್ಪತ್ತೈದಕ್ಕೊಬ್ಬರು ಅಂತ ಮಾಡಿತು. 60 ಸೀಟಿನ ಬ್ರ್ಯಾಂಚಿಗೆ ಮೂರು ವರ್ಷದ್ದು ಸೇರಿ 180 ಮಕ್ಕಳು. ಮೊದಲು ಒಂಬತ್ತು ಜನ ಬೇಕಿತ್ತು, ಈಗ ಹೆಚ್ಚುಕಮ್ಮಿ ಏಳು ಜನ ಸಾಕು. ಕಾಗದದ ಮೇಲೆ ಕೊರತೆ ಅಲ್ಲಿಗೇ ಎರಡು ಕಮ್ಮಿಯಾಯಿತು, ಅಲ್ವಾ?

2020ರ ಪಠ್ಯಕ್ರಮ, ಅಂದರೆ ಸಿ-20, ದೊಡ್ಡ ಹೆಜ್ಜೆಯೇ. ಐದನೇ ಸೆಮಿಸ್ಟರ್‌ಗೆ ಬಂದ ಕಂಪ್ಯೂಟರ್ ಸೈನ್ಸ್ ಮಕ್ಕಳು ಫುಲ್ ಸ್ಟ್ಯಾಕ್, ಕ್ಲೌಡ್, ಸೈಬರ್ ಸೆಕ್ಯುರಿಟಿ, ಎಐ-ಎಂಎಲ್ ಥರದ ಒಂದು ದಾರಿ ಆರಿಸಿಕೊಳ್ಳಲು ಅದು ಅವಕಾಶ ಕೊಟ್ಟಿತು. ಬರೆದವರ ಉದ್ದೇಶ ಒಳ್ಳೆಯದು, ನನಗೂ ಇಷ್ಟವಾಯಿತು. ಆದರೆ ಅದನ್ನು ಕ್ಲಾಸಿನಲ್ಲಿ ನಡೆಸುವವರಲ್ಲಿ ಎಷ್ಟೋ ಜನರಿಗೆ ಪಾಠ ಮಾಡಿದ ಗಂಟೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ತಯಾರಿಯ ಗಂಟೆಗೆ ಲೆಕ್ಕವಿಲ್ಲ.

ನನಗೆ ಗೊತ್ತಿರುವ ಅತಿಥಿ ಉಪನ್ಯಾಸಕರೊಬ್ಬರು ಒಂದು ತಾಲ್ಲೂಕಿನಲ್ಲಿದ್ದಾರೆ. ಕಲಿತಿದ್ದು ಎಲೆಕ್ಟ್ರಾನಿಕ್ಸ್, ಈಗ ಪೈಥಾನ್ ಕಲಿಸುತ್ತಾರೆ. ರಾತ್ರಿ ವಿಡಿಯೊ ನೋಡಿ ಕಲಿತು ಬೆಳಿಗ್ಗೆ ಬೋರ್ಡ್ ಮೇಲೆ ಬರೆಯುತ್ತಾರೆ. ಬೆಂಗಳೂರಿಗೆ ಬಂದಾಗಲೆಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗಿ ಸೆನ್ಸರ್, ಜಂಪರ್ ವೈರ್ ಕೈಯಿಂದ ದುಡ್ಡು ಹಾಕಿ ತರುತ್ತಾರೆ. ಅದನ್ನಿಡಲು ಲ್ಯಾಬ್‌ನಲ್ಲಿ ಜಾಗವಿಲ್ಲ. ಬೀರುವಿನ ತುಂಬ ಹಳೇ 8085 ಕಿಟ್‌ಗಳು, ಸ್ಟಾಕ್ ರಿಜಿಸ್ಟರ್‌ನಲ್ಲಿ ಇನ್ನೂ ಜೀವಂತ. ಕೆಲಸಕ್ಕೆ ಬಾರದವು ಅಂತ ಬರೆದು ಹೊರಗೆ ಹಾಕಲು ಖಾಯಂ ಲೆಕ್ಚರರ್ ಸಹಿ ಬೇಕಂತೆ. ಅವರು ಡೆಪ್ಯುಟೇಶನ್ ಮೇಲೆ ಬೇರೆ ಊರಿಗೆ ಹೋಗಿ ಎರಡು ವರ್ಷವಾಯಿತು.